ನಡುವೆ ಬಾಯಿ ಹಾಕುವ ವಿದ್ಯೆ

ಮದುವೆಯಾದ ದಿನದಿಂದ ಈವರೆಗೆ ನಾನು ನನ್ನ ಹೆಂಡತಿಯ ಎದುರು ಒಂದೇ ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಿದವನಲ್ಲ. ಚರ್ಚಿನಲ್ಲಿ ಪಾದ್ರಿಗಳು ಕೇಳಿದಾಗ ‘ಒಪ್ಪಿದ್ದೇನೆ’ ಎಂದೆನಲ್ಲ, ಅದೇ ಕೊನೆ. (ಅದೊಂದನ್ನು ಮಾತ್ರ ಯಾರೂ ನಡುವೆ ತಡೆಯಲಿಲ್ಲ. ತಡೆಯಬೇಕಾಗಿದ್ದದ್ದು ಅದನ್ನೇ!)

ನನ್ನ ಹೆಂಡತಿ ಲೋರೆದಾನಾ ಕೆಟ್ಟವಳಲ್ಲ. ನಮ್ಮ ಜೊತೆಯಲ್ಲೇ ಇರುವ ಅವಳ ತಾಯಿ, ಅಂದರೆ ನನ್ನ ಅತ್ತೆ ಜೆಲಿಂದಾ, ಅವರೂ ಕೆಟ್ಟವರಲ್ಲ. ಆದರೆ ಇಬ್ಬರೂ ಒಟ್ಟಿಗೇ ಮಾತಾಡುತ್ತಾರೆ, ಒಟ್ಟಿಗೇ ಕೇಳಿಸಿಕೊಳ್ಳುತ್ತಾರೆ, ಒಟ್ಟಿಗೇ ಉತ್ತರ ಕೊಡುತ್ತಾರೆ. ಇಟಲಿಯ ಈ ನಮ್ಮ ಪೆರೂಜಾ ಊರಿನಲ್ಲಿ ಇದೇನು ವಿಶೇಷವಲ್ಲ. ಎದುರಿನವರು ಮಾತು ಮುಗಿಸಲಿ ಎಂದು ಕಾಯುವವನನ್ನು ನಮ್ಮ ಬೀದಿಯಲ್ಲಿ ಜನ ಕಿವುಡ ಅಂದುಕೊಳ್ಳುತ್ತಾರೆ, ಇಲ್ಲವೇ ಮಫ್ತಿಯಲ್ಲಿರುವ ಪೊಲೀಸಿನವನು ಅಂದುಕೊಳ್ಳುತ್ತಾರೆ. ನನ್ನ ಪಾಡು ಮಾತ್ರ ಬೇರೆ. ನಾನು ಮ್ಯೂಸಿಯಂ ಕಾವಲುಗಾರನಾಗಿದ್ದವನು. ಹಳೆಯ ಚಿತ್ರಪಟಗಳ ನಡುವೆ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆ ‘ಶ್!’ ಅನ್ನುವುದೇ ನನ್ನ ಉದ್ಯೋಗವಾಗಿತ್ತು. ನನ್ನ ಒಂದು ‘ಶ್!’ಗೆ ಆರಡಿ ಎತ್ತರದ ಜರ್ಮನ್ ಪ್ರವಾಸಿಗಳು ಗಪ್‌ಚಿಪ್ ಆಗಿದ್ದಾರೆ. ಅದೇ ‘ಶ್!’ ಅನ್ನು ಮನೆಯಲ್ಲಿ ಪ್ರಯೋಗಿಸಿದರೆ, “ಅಮ್ಮಾ, ಕುಕ್ಕರ್ ಕೂಗ್ತಾ ಇದೆ, ಒಲೆ ಆರಿಸು” ಅನ್ನುತ್ತಾಳೆ ನನ್ನವಳು.

ನನ್ನ ಬಳಿ ಒಂದು ಕಥೆಯಿದೆ. ಸೈನ್ಯದಲ್ಲಿ ಕಡ್ಡಾಯ ಸೇವೆ ಮಾಡುತ್ತಿದ್ದ ಕಾಲದ್ದು. ನನ್ನ ಸುಪರ್ದಿಗೆ ಒಂದು ಹೇಸರಗತ್ತೆಯನ್ನು ಕೊಟ್ಟಿದ್ದರು. ಒಂದು ದಿನ ಹಿಮದ ಬೆಟ್ಟದ ಮೇಲೆ, ನಮ್ಮ ಕರ್ನಲ್ ಸಾಹೇಬರು ಮುಂದೆ, ಹೇಸರಗತ್ತೆ ಹಿಂದೆ... ಇಷ್ಟು ಹೇಳುವಷ್ಟರಲ್ಲಿ ಲೋರೆದಾನಾ “ಏ ಎವಾರಿಸ್ತೋ, ಆ ಚೀಸ್ ಈ ಕಡೆ ತಳ್ಳು” ಅನ್ನುತ್ತಾಳೆ. ಅತ್ತೆ “ಚೀಸ್ ಅಂದ್ರೆ ನೆನಪಾಯ್ತು” ಎಂದು ತಮ್ಮ ಚಿಕ್ಕಮ್ಮನ ಮೂತ್ರಕೋಶದ ಕಲ್ಲಿನ ವಿಷಯಕ್ಕೆ ಹೋಗುತ್ತಾರೆ. ಹೇಸರಗತ್ತೆ ವರ್ಷಾನುಗಟ್ಟಲೆ ಆ ಬೆಟ್ಟದ ಮೇಲೇ ನಿಂತುಬಿಟ್ಟಿತ್ತು. (ನಿಮಗಾದರೂ ಪೂರ್ತಿ ಹೇಳಿಬಿಡೋಣವೆಂದರೆ ಒಳಗಿನಿಂದ ಕರೆಯುತ್ತಿದ್ದಾಳೆ. ಇರಲಿ ಬಿಡಿ.)

ಇಂಥ ಮನೆಗೆ ಫಿನ್‌ಲೆಂಡಿನಿಂದ ವೆನ್ಲಾ ಬಂದಳು.

ಮಗಳು ಮದುವೆಯಾಗಿ ಅಂಕೋನಾಗೆ ಹೋದ ಮೇಲೆ ಅವಳ ಕೋಣೆ ಖಾಲಿ ಬಿದ್ದಿತ್ತು. ಇಟಾಲಿಯನ್ ಕಲಿಯಲು ನಮ್ಮೂರಿಗೆ ಬರುವ ಪರದೇಶದ ವಿದ್ಯಾರ್ಥಿಗಳಿಗೇನು ಬರಗಾಲವೇ? ಲೋರೆದಾನಾ ಕಾಲೇಜಿನ ಗೋಡೆಗೆ ಒಂದು ಚೀಟಿ ಅಂಟಿಸಿ ಬಂದಳು, ವಾರದೊಳಗೆ ಈ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಬೆಳ್ಳಗೆ, ಉದ್ದಕ್ಕೆ, ಮೇಣದಬತ್ತಿಯ ಹಾಗಿದ್ದಳು. ಬೆಲ್ ಒತ್ತಲು ಸಂಕೋಚಪಟ್ಟು, ಯಾರಾದರೂ ತಾವಾಗಿಯೇ ಬಾಗಿಲು ತೆಗೆಯಲಿ ಎಂದು ಹೊರಗೇ ಕಾಯುತ್ತಿದ್ದಳಂತೆ. ಕಸ ಹಾಕಲು ಹೋದ ನಾನೇ ಕಂಡು ಒಳಗೆ ಕರೆತಂದೆ.

ಮೊದಲ ರಾತ್ರಿ ಊಟಕ್ಕೆ ಕೂತಾಗ ಹೆಂಗಸರಿಬ್ಬರೂ ಅಡುಗೆಮನೆಯಲ್ಲಿದ್ದರು. ನಾನು ಸುಮ್ಮನೆ ಅಭ್ಯಾಸಬಲದಿಂದ “ಸೈನ್ಯದಲ್ಲಿದ್ದಾಗ ನನಗೊಂದು ಹೇಸರಗತ್ತೆ ಕೊಟ್ಟಿದ್ರು” ಎಂದು ಶುರು ಮಾಡಿ, ಅಭ್ಯಾಸಬಲದಿಂದಲೇ ನಿಲ್ಲಿಸಿದೆ. ಯಾರೂ ಏನೂ ಅನ್ನಲಿಲ್ಲ. ತಲೆಯೆತ್ತಿ ನೋಡಿದರೆ ವೆನ್ಲಾ ಮುಳ್ಳುಚಮಚ ಕೆಳಗಿಟ್ಟು, ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಾಳೆ! ಮುಂದುವರಿಸಿದೆ. ಕೇಳಿದಳು. ಬೆಟ್ಟ ಹತ್ತಿದೆ, ಇಳಿದೆ, ಕಥೆ ಮುಗಿಸಿದೆ. ಮುಗಿಸಿದ ಮೇಲೂ ಅವಳು ಇನ್ನೂ ಮುಂದಿದೆಯೇನೋ ಎಂದು ಕಾದು, “ಪಾಪ, ಕರ್ನಲ್ ಸಾಹೇಬರು” ಎಂದಳು. ನನ್ನ ಕಣ್ಣಲ್ಲಿ ನೀರು ಬಂತು ಸ್ವಾಮಿ. ಹೆತ್ತ ಮಗಳು ಕೂಡ ನನ್ನ ಮಾತನ್ನು ಹೀಗೆ ಕೇಳಿದ್ದಿಲ್ಲ.

ಅಲ್ಲಿಂದ ನನ್ನ ಸುವರ್ಣಯುಗ ಆರಂಭವಾಯಿತು. ದಿನಾ ಸಂಜೆ ಬಾಲ್ಕನಿಯಲ್ಲಿ ಕೂತು ಒಂದೊಂದು ಕಥೆ ಹೇಳುತ್ತಿದ್ದೆ. ಹಲ್ಲು ಕೀಳಿಸಿಕೊಂಡಿದ್ದು, ಮ್ಯೂಸಿಯಮ್ಮಿನೊಳಗೆ ಪಾರಿವಾಳ ನುಗ್ಗಿದ್ದು, ಷಡ್ಡಕ ನನಗೆ ಮಾಡಿದ ಮೋಸ, ಎಲ್ಲವೂ ಪೂರ್ಣವಿರಾಮ ಸಮೇತ ಹೊರಬಂದವು. ನನ್ನ ರಕ್ತದೊತ್ತಡ ಇಳಿಯಿತೆಂದು ಡಾಕ್ಟರೇ ಬೆರಗಾದರು.

ಹೀಗಿರುವಾಗ ಒಂದು ಮಧ್ಯಾಹ್ನ ಹುಡುಗಿ ಕಾಲೇಜಿನಿಂದ ಮುಖ ಸಪ್ಪೆ ಮಾಡಿಕೊಂಡು ಬಂದಳು.

“ಏನಾಯ್ತೇ?” ಎಂದಳು ಲೋರೆದಾನಾ.

“ಮೌಖಿಕ ಪರೀಕ್ಷೆ. ಫೇಲಾದೆ. ಎರಡನೇ ಸಲ.”

“ಫೇಲಾ? ಹಗಲೂ ರಾತ್ರಿ ಓದ್ತೀಯಲ್ಲೇ! ವ್ಯಾಕರಣ ನನಗಿಂತ ನಿನಗೇ ಚೆನ್ನಾಗಿ ಬರುತ್ತೆ. ಏನ್ ಕೇಳಿದ್ರು ಆ ಪ್ರೊಫೆಸರ್ರು?”

“ಪ್ರಶ್ನೆ ಕೇಳಿದ್ರು. ಆಮೇಲೆ ಅದರ ಬಗ್ಗೆ ಅವರೇ ಮಾತಾಡ್ತಾ ಇದ್ರು. ಮುಗಿಸ್ಲಿ ಅಂತ ಕಾದೆ.”

“ಮುಗಿಸಿದ್ರಾ?”

“ಮುಗಿಸಿದ್ರು. ‘ಈ ಹುಡುಗಿಗೆ ಮಾತೇ ಬರಲ್ಲ, ಮುಂದಿನವರು ಬನ್ನಿ’ ಅಂದ್ರು.”

ಇನ್ನೊಂದು ಸಲ ಫೇಲಾದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ, ಊರಿಗೆ ವಾಪಸು ಹೋಗಬೇಕಾಗುತ್ತದೆ ಎಂದು ಹೇಳಿ ಹುಡುಗಿ ಅತ್ತಳು. ಅಳುವುದನ್ನೂ ನಮ್ಮ ಮಾತು ಮುಗಿಯುವವರೆಗೆ ಕಾದು ಅತ್ತಳು, ಅಷ್ಟು ಮರ್ಯಾದಸ್ಥೆ.

“ಅಯ್ಯೋ ನನ್ನ ಕಂದಾ,” ಎಂದು ಅತ್ತೆ ಅವಳ ತಲೆಯನ್ನು ಎದೆಗವಚಿಕೊಂಡರು. “ಯಾರಾದ್ರೂ ಮಾತಾಡ್ತಾ ಇದ್ರೆ ಸುಮ್ನೆ ಕೂತ್ಕೊಂಡು ಕೇಳ್ತಾರೇನೇ? ನಿನಗೆ ಅವರ ಮಾತಲ್ಲಿ ಆಸಕ್ತಿನೇ ಇಲ್ಲ ಅಂದ್ಕೊಳಲ್ವಾ? ನಡುವೆ ನುಗ್ಗಬೇಕು! ಅದೇ ಗೌರವ!”

“ನಮ್ಮ ಕಡೆ ಅದು ಅಗೌರವ, ನೊನ್ನಾ,” ಎಂದಳು ವೆನ್ಲಾ. (ಅತ್ತೆಯನ್ನು ಅವಳು ನೊನ್ನಾ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದಳು.)

“ನಿಮ್ಮ ಕಡೆ ಚಳಿ. ಬಾಯಿ ತೆಗೆದ್ರೆ ಗಾಳಿ ಹೋಗುತ್ತೆ. ಇಲ್ಲೇನು ಕಷ್ಟ?”

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವ ಗಾದೆ ಇದೆಯಲ್ಲ, ಅದನ್ನು ಕಟ್ಟಿದವನು ಪೆರೂಜಾಗೆ ಬಂದವನಲ್ಲ. ಇಲ್ಲಿ ಜಗಳ ಬಾರದವನಿಗೆ ಮಾತೇ ಬರುವುದಿಲ್ಲ. ಮರುದಿನದಿಂದಲೇ ನಮ್ಮ ಊಟದ ಮೇಜು ಗರಡಿಮನೆಯಾಯಿತು. ಹೆಂಗಸರಿಬ್ಬರೂ ಮಾತಾಡುವುದು, ವೆನ್ಲಾ ನಡುವೆ ಬಾಯಿ ಹಾಕುವುದು.

ಮೊದಲ ದಿನ ಅವಳು ಶಾಲೆಯಲ್ಲಿದ್ದ ಹಾಗೆ ಕೈ ಎತ್ತಿದಳು. ಎರಡನೆಯ ದಿನ “ಕ್ಷಮಿಸಿ” ಎಂದಳು. ಅಷ್ಟರಲ್ಲಿ ವಿಷಯ ಬದನೆಕಾಯಿಯಿಂದ ಪಾದ್ರಿಯ ಹೊಸ ಕಾರಿಗೆ, ಅಲ್ಲಿಂದ ನನ್ನ ಗೊರಕೆಗೆ ಹೋಗಿತ್ತು. ಅವಳು ಬದನೆಕಾಯಿಯ ಬಗ್ಗೆ ಸಿದ್ಧಪಡಿಸಿಕೊಂಡಿದ್ದ ಸುಂದರವಾದ ವಾಕ್ಯವನ್ನು ನನ್ನ ಗೊರಕೆಯ ಮೇಲೆ ಇಟ್ಟಳು.

“ಉಸಿರು ತಗೋಳೋವಾಗ ನುಗ್ಗು!” ಎಂದು ಅತ್ತೆ ಗದರಿದರು.

“ನೀವು ಉಸಿರೇ ತಗೋಳಲ್ವಲ್ಲ ನೊನ್ನಾ,” ಎಂದು ಹುಡುಗಿ ಅಲವತ್ತುಕೊಂಡಳು.

ಆಗ ಲೋರೆದಾನಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆ ನೋಟ ನನಗೆ ಗೊತ್ತು. ಈಸ್ಟರ್ ಹತ್ತಿರ ಬಂದಾಗ ಅವಳು ಕಸಾಯಿಯ ಅಂಗಡಿಯಲ್ಲಿ ಕುರಿಮರಿಯನ್ನು ಹಾಗೇ ನೋಡುತ್ತಾಳೆ.

“ಅಮ್ಮಾ, ನಮ್ಮ ಮೇಲೆ ಅವಳಿಗೆ ಆಗಲ್ಲ. ಮೊದಲು ಇವನ ಮೇಲೆ ಅಭ್ಯಾಸ ಮಾಡ್ಲಿ. ಇವನ ಮಾತಿಗೆ ಅಡ್ಡ ಹಾಕೋದು ಯಾರಿಗಾದ್ರೂ ಬರುತ್ತೆ.”

“ನನ್ನ ಮೇಲಾ? ಅದು ಮಾತ್ರ ನಾನು ಸುತರಾಂ...”

“ನೋಡಿದ್ಯಾ ವೆನ್ಲಾ? ಹೀಗೇ, ಇಷ್ಟು ಸುಲಭ,” ಎಂದಳು.

ನೀವೇ ಯೋಚಿಸಿ. ಜೀವಮಾನದಲ್ಲಿ ನನ್ನ ಮಾತು ಕೇಳುವವಳು ಸಿಕ್ಕಿದ್ದು ಇವಳೊಬ್ಬಳೇ. ಅವಳಿಗೂ ಈ ವಿದ್ಯೆ ಕಲಿಸಿದರೆ ನನ್ನ ಗತಿ? ಕಲಿಸದಿದ್ದರೆ ಹುಡುಗಿ ಫೇಲಾಗಿ ಊರಿಗೆ ಹೋಗುತ್ತಾಳೆ, ಆಗಲೂ ನನಗೆ ಕೇಳುಗರಿಲ್ಲ. ಬಾಲ್ಕನಿಯಲ್ಲಿ ಒಬ್ಬನೇ ಕೂತು ಬಹಳ ಹೊತ್ತು ಯೋಚಿಸಿದೆ. ಒಳಗೆ ಅವಳು ಪುಸ್ತಕದ ಮೇಲೆ ತಲೆಯಿಟ್ಟು ಮೂಗು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ಸಂಕಟವಾಯಿತು. ಹೋಗಿ ಅವಳೆದುರು ಕುರ್ಚಿ ಎಳೆದುಕೊಂಡೆ.

“ಹೇಸರಗತ್ತೆ ಕಥೆ ಹೇಳ್ತೀನಿ. ತಡಿ ನನ್ನ.”

“ಆಗಲ್ಲ ಸಿನ್ಯೋರ್ ಎವಾರಿಸ್ತೋ. ಕಥೆ ಚೆನ್ನಾಗಿದೆ.”

“ಚೆನ್ನಾಗಿರೋದ್ರಿಂದಲೇ ತಡೀಬೇಕು. ನಾನು ನಿನ್ನ ಪ್ರೊಫೆಸರ್ ಅಂದ್ಕೋ. ನನ್ನಿಂದಾಗಿ ನೀನು ಗಂಟುಮೂಟೆ ಕಟ್ಕೊಂಡು ಊರಿಗೆ ಹೋಗ್ಬೇಕಾಗಿದೆ ಅಂದ್ಕೋ.”

ಶುರು ಮಾಡಿದೆ. ಅವಳ ತುಟಿ ಅದುರಿತು, ಕಿವಿ ಕೆಂಪಾಯಿತು. ಕರ್ನಲ್ ಸಾಹೇಬರು ಕುದುರೆ ಹತ್ತುವ ಜಾಗಕ್ಕೆ ಬಂದಾಗ ಮೇಜಿಗೆ ಕೈ ಅಪ್ಪಳಿಸಿ, “ಸಾಕು! ಕರ್ನಲ್‌ಗೆ ಹಿಮದಲ್ಲಿ ಕುದುರೆ ಯಾಕೆ? ನಂಬೋ ಮಾತೇ ಅಲ್ಲ ಇದು!” ಎಂದು ಕಿರುಚಿದಳು. ಕಿರುಚಿ ತಾನೇ ಬಾಯಿ ಮುಚ್ಚಿಕೊಂಡಳು. ಬಾಗಿಲ ಸಂದಿನಲ್ಲಿ ನಿಂತಿದ್ದ ಹೆಂಗಸರಿಬ್ಬರೂ ಚಪ್ಪಾಳೆ ತಟ್ಟಿಕೊಂಡು ಒಳನುಗ್ಗಿದರು. ಕುದುರೆಯ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿತ್ತು, ಹೇಳಲು ಯಾರು ಬಿಟ್ಟರು?

ಪರೀಕ್ಷೆಯ ದಿನ ಮೂವರೂ ಹೋದೆವು. ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಹೋಗಿ ಹಿಂದೆ ಕೂರಬಹುದು, ನಮ್ಮಲ್ಲಿ ಅದೊಂದು ಪುಕ್ಕಟೆ ಮನರಂಜನೆ. ಪ್ರೊಫೆಸರ್ ಫುಮಗಾಲ್ಲಿ ಮಿಲಾನ್ ಕಡೆಯವರು. ಗುಂಡಗೆ, ಬೋಳು ತಲೆ, ಕಂಚಿನ ಕಂಠ. ಅವರ ಮುಂದೆ ಕೂತ ವೆನ್ಲಾ ಮತ್ತೆ ಮೇಣದಬತ್ತಿಯಾಗಿದ್ದಳು. ಲೋರೆದಾನಾ ನನ್ನ ತೊಡೆಯನ್ನು ಉಗುರಿನಿಂದ ಹಿಡಿದುಕೊಂಡಳು.

“ಈ ಸೀಮೆಯ ಬ್ರೆಡ್ಡಿಗೆ ಉಪ್ಪು ಯಾಕೆ ಹಾಕಲ್ಲ, ಹೇಳಿ,” ಎಂದರು ಪ್ರೊಫೆಸರು. ಹೇಳಲು ಬಿಡಬೇಕಲ್ಲ? “ಎಲ್ಲರಿಗೂ ಗೊತ್ತಿರೋ ಹಾಗೆ, ಹಿಂದೆ ಪೋಪ್ ಉಪ್ಪಿನ ಮೇಲೆ ತೆರಿಗೆ ಹಾಕಿದ್ರು. ಜನ ಸಿಟ್ಟಿಗೆದ್ರು. ಆ ಸಿಟ್ಟಲ್ಲಿ...”

ವೆನ್ಲಾ ಸುಮ್ಮನಿದ್ದಳು. ಪ್ರೊಫೆಸರು ಪೋಪರನ್ನು ಬಿಟ್ಟು ಸೈನ್ಯಕ್ಕೆ ಬಂದರು, ಸೈನ್ಯದಿಂದ ಕೋಟೆಗೆ ಬಂದರು. ನನ್ನ ತೊಡೆಯಲ್ಲಿ ರಕ್ತ ಬರುವುದೊಂದೇ ಬಾಕಿ. ಅವರ ಕೈ ಪಟ್ಟಿಯಲ್ಲಿದ್ದ ಮುಂದಿನವರ ಹೆಸರಿನ ಕಡೆಗೆ ಹೋಯಿತು.

ಧಡ್! ಎಂದು ಮೇಜು ಗುದ್ದಿದ ಸದ್ದು.

“ಇಲ್ಲ ಪ್ರೊಫೆಸರೇ! ಅದೆಲ್ಲ ಪ್ರವಾಸಿಗಳಿಗೆ ಹೇಳೋ ಕಥೆ! ನಮ್ಮ ಹಂದಿಮಾಂಸದಲ್ಲೇ ಬೇಕಾದಷ್ಟು ಉಪ್ಪಿರುತ್ತೆ, ಬ್ರೆಡ್ಡಿಗೂ ಹಾಕಿದ್ರೆ ಬಾಯಿಗಿಡೋಕಾಗುತ್ತಾ?”

“ಆದ್ರೆ ಇತಿಹಾಸ...”

“ಇತಿಹಾಸ ಆಮೇಲೆ! ಮೊದಲು ತಿಂದು ನೋಡಿ!”

‘ನಮ್ಮ’ ಹಂದಿಮಾಂಸ ಎಂದಳು, ಕೇಳಿಸಿತೇ? ನನ್ನ ಎದೆ ಉಬ್ಬಿತು. ಪ್ರೊಫೆಸರು ಎದ್ದು ನಿಂತು ಮಾತಾಡಿದರು, ಅವಳೂ ಎದ್ದು ನಿಂತಳು. ಅವರು ಕೈ ಬೀಸಿದರೆ ಇವಳು ಎರಡು ಕೈ ಬೀಸಿದಳು. ಇಬ್ಬರೂ ಏಕಕಾಲಕ್ಕೆ ಕೂಗುತ್ತಿದ್ದರು, ಹೊರಗೆ ಓಡಾಡುತ್ತಿದ್ದವರೆಲ್ಲ ಬಾಗಿಲಿಗೆ ಬಂದು ಮುತ್ತಿದರು. ಆ ಕಾವಿನಲ್ಲಿ ನನ್ನ ಅತ್ತೆಗೆ ತಡೆಯಲಾಗಲಿಲ್ಲ. ಹಿಂದಿನ ಬೆಂಚಿನಿಂದ ಎದ್ದು, “ಮಿಲಾನಿನವರಿಗೆ ಬ್ರೆಡ್ ಬಗ್ಗೆ ಏನ್ ಗೊತ್ತ್ರೀ? ನಮ್ಮಜ್ಜಿ ಕಾಲದಲ್ಲಿ...” ಎಂದು ಕೂಗಿದರು.

ವೆನ್ಲಾ ಗಿರಕ್ಕನೆ ತಿರುಗಿದಳು.

“ನೊನ್ನಾ! ನಾನು ಮಾತಾಡ್ತಾ ಇದೀನಿ! ಕೂತ್ಕೊಳಿ!”

ಅತ್ತೆ ಕೂತರು. ಮತ್ತೆ ಹೇಳುತ್ತೇನೆ, ನನ್ನ ಅತ್ತೆ ಜೆಲಿಂದಾ ಬಾಯಿ ಮುಚ್ಚಿ ಕೂತರು! ಮಾವನವರು ಬದುಕಿದ್ದಷ್ಟು ಕಾಲ ಆಗದ್ದು, ಇಬ್ಬರು ಬಿಷಪ್ಪರಿಂದ ಆಗದ್ದು, ಆ ಹುಡುಗಿಯಿಂದ ಆಯಿತು. ನಾನು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡೆ.

ಪ್ರೊಫೆಸರು ಬೆವರು ಒರೆಸಿಕೊಂಡು, ಮುಖವರಳಿಸಿ ಕೂತರು. “ಅಬ್ಬಾ! ಈವತ್ತು ಒಬ್ಬರಾದ್ರೂ ಮಾತಾಡೋರು ಸಿಕ್ಕಿದ್ರಲ್ಲ! ಮೂವತ್ತಕ್ಕೆ ಮೂವತ್ತು, ಮೇಲೆ ವಿಶೇಷ ಪ್ರಶಂಸೆ!” ಎಂದರು. ಕೋಣೆಯೇ ಕಿತ್ತುಹೋಗುವಂತೆ ಚಪ್ಪಾಳೆ ಬಿತ್ತು. ಅತ್ತೆ ಗಳಗಳನೆ ಅತ್ತು, “ನನ್ನೇ ಗದರಿಸಿದ್ಲು ನೋಡಿ, ನನ್ನೇ! ಬಂಗಾರದಂಥ ಹುಡುಗಿ!” ಎಂದು ಕಂಡಕಂಡವರಿಗೆಲ್ಲ ಹೇಳಿದರು. ಲೋರೆದಾನಾ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟಳು, ತಪ್ಪಿ ನನಗೂ ಒಂದು ಇಟ್ಟಳು. ಕಾಲೇಜಿನ ಮೆಟ್ಟಿಲ ಮೇಲೆ ವೆನ್ಲಾಳ ತಲೆಗೆ, ನಮ್ಮಲ್ಲಿ ಪದವಿ ಪಡೆದವರಿಗೆ ಹಾಕುವಂಥ ಎಲೆಯ ಕಿರೀಟ ಹಾಕಿ, ಮನೆಯವರೆಗೂ ಮೆರವಣಿಗೆಯಲ್ಲಿ ಕರೆದುಕೊಂಡು ಬಂದೆವು. ಅವಳ ಗೆಲುವಿಗೆ ಕಾರಣಪುರುಷ ಯಾರೆಂದು ನಾಲ್ಕು ಮಾತು ಆಡೋಣವೆಂದು ದಾರಿಯಲ್ಲಿ ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ತಡೆದದ್ದು ಆ ಹುಡುಗಿಯೇ. ಎಷ್ಟು ಸೊಗಸಾಗಿ ತಡೆದಳೆಂದರೆ, ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಾಯಿತು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮುಂದಿನ ಗುರುವಾರ ಸಂಜೆ ಬಾಗಿಲು ತೆಗೆದರೆ, ಹೊರಗೆ ಒಂದು ಸಾಲು. ಎಸ್ಟೋನಿಯಾದ ಅಣ್ಣತಂಗಿ, ಜಪಾನಿನ ಒಬ್ಬಳು ಹುಡುಗಿ, ನಾರ್ವೆಯ ಒಬ್ಬ ದಾಂಡಿಗ, ಹಿಂದೆ ಇನ್ನೂ ಯಾರ್ಯಾರೋ. ಎಲ್ಲರೂ ಫುಮಗಾಲ್ಲಿಯವರ ಕೈಯಲ್ಲಿ ಫೇಲಾದವರು, ಎಲ್ಲರೂ ಬೆಲ್ ಒತ್ತದೆ ಶಿಸ್ತಾಗಿ ಕಾಯುತ್ತಿದ್ದವರು. ವೆನ್ಲಾ ಅವರನ್ನು ಒಳಗೆ ಕರೆದು ಮೇಜಿನ ಸುತ್ತ ಕೂರಿಸಿದಳು. ಲೋರೆದಾನಾ ದೊಡ್ಡ ಪಾತ್ರೆಯಲ್ಲಿ ಪಾಸ್ತಾ ತಂದಿಟ್ಟು, ಎಂದೂ ಇಲ್ಲದ ಮರ್ಯಾದೆಯಿಂದ ನನ್ನನ್ನು ಮೇಜಿನ ತುದಿಯ ದೊಡ್ಡ ಕುರ್ಚಿಗೆ ಕರೆದಳು.

ಕೂತೆ. ಕಣ್ಣು ಹಾಯಿಸಿದೆ. ಆಹಾ! ಮೇಜಿನ ಉದ್ದಕ್ಕೂ ಕೈ ಕಟ್ಟಿ ಕೂತ, ಬಾಯಿ ಮುಚ್ಚಿದ, ಕಣ್ಣರಳಿಸಿ ನನ್ನನ್ನೇ ನೋಡುತ್ತಿರುವ ಮುಖಗಳು. ಕಳೆದುಕೊಂಡದ್ದು ಒಬ್ಬಳನ್ನು, ದೇವರು ಕೊಟ್ಟಿದ್ದು ಒಂದು ಸಭೆಯನ್ನೇ! ಗಂಟಲು ಸರಿಮಾಡಿಕೊಂಡು, “ಪ್ರಿಯ ಮಕ್ಕಳೇ...” ಎಂದೆ.

ವೆನ್ಲಾ ಎದ್ದು ನಿಂತು ನನ್ನ ಭುಜದ ಮೇಲೆ ಪ್ರೀತಿಯಿಂದ ಕೈಯಿಟ್ಟಳು.

“ನೋಡಿ, ಬಾಯಿ ತೆಗೆದ್ರು. ಹೆದರ್ಕೋಬೇಡಿ, ಇವರು ಏನೂ ಅನ್ನಲ್ಲ. ಹೂಂ, ಎಲ್ಲಾ ಒಟ್ಟಿಗೆ, ನುಗ್ಗಿ!”