ಹಣೆಗೆ ಇಸ್ತ್ರಿ

ಹಣೆಬರಹ ಬರೆಯುವವನು ಬ್ರಹ್ಮ ಎನ್ನುತ್ತಾರೆ. ನನ್ನ ಮಟ್ಟಿಗೆ ಅವನು ಆ ಕೆಲಸವನ್ನು ಮಗ್ಗಕ್ಕೆ ಗುತ್ತಿಗೆ ಕೊಟ್ಟಿದ್ದನೆಂದು ಕಾಣುತ್ತದೆ. ನಾರಾಯಣಪೇಟೆಯಲ್ಲಿ ಸೀರೆ ನೇಯುತ್ತ, ಎಳೆ ಎಳೆಯನ್ನೂ ದಿಟ್ಟಿಸುತ್ತ ಕೂತೂ ಕೂತೂ ಹುಬ್ಬುಗಳ ನಡುವೆ ಗಂಟು, ಹಣೆಯ ಉದ್ದಕ್ಕೂ ಗೆರೆಗಳು ಬಿದ್ದಿವೆ. ಸ್ವಭಾವದಲ್ಲಿ ನಾನು ಹಸು. ಮುಖ ಮಾತ್ರ ಹಾಯುವ ಎತ್ತಿನದು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಹೋಗುತ್ತಾರೆ. ಆ ಸುಖವನ್ನು ನಾನು ಬಹಳ ವರ್ಷ ಅನುಭವಿಸಿದ್ದೇನೆ.

ತೊಂದರೆ ಶುರುವಾದದ್ದು ಮಗಳು ಶೋಭಾಳ ನಿಶ್ಚಿತಾರ್ಥದಲ್ಲಿ. ಮಕ್ತಲ್‌ನ ಹುಡುಗ. ನನಗೆ ಎಷ್ಟು ಹಿಡಿಸಿದ್ದನೆಂದರೆ, ಆ ಸಂತೋಷದಲ್ಲಿ ಅವನನ್ನೇ ನೋಡುತ್ತ ಕೂತುಬಿಟ್ಟೆ. ಅವನ ತಂದೆ ಮೆಲ್ಲಗೆ ನನ್ನ ಹೆಂಡತಿ ಶರಣಮ್ಮನ ಬಳಿ ಬಂದು, "ಯಾಕ್ರೀ ಅಕ್ಕೋರ, ಯಜಮಾನರಿಗೆ ಹುಡುಗ ಮನಸಿಗೆ ಬಂದಂಗಿಲ್ಲಲ್ರೀ?" ಎಂದರಂತೆ. ಪಾಪ, ಹುಡುಗ ಹೋಳಿಗೆಯನ್ನೂ ಮುಟ್ಟಲಿಲ್ಲ. ಮರುದಿನ ಶೋಭಾ, "ಅಪ್ಪಾ, ಲಗ್ನದಾಗೂ ಹಿಂಗ ಕುಂತರ ಅವರು ಏನ್ ತಿಳ್ಕೋಬೇಕು? ಗದ್ವಾಲದಾಗ ಒಬ್ಬರು ಡಾಕ್ಟರಮ್ಮ ಅದಾರ, ಸುಕ್ಕಿಗೆ ಸೂಜಿ ಮಾಡ್ತಾರ" ಎಂದಳು. ಅವಳಿಗೆ ಇಲ್ಲ ಎನ್ನುವುದನ್ನು ನಾನು ಕಲಿತೇ ಇಲ್ಲ.

ದಬ್ಬಣ ಚುಚ್ಚುತ್ತಾರೆಂದು ಹೆದರಿದ್ದೆ. ಇರುವೆ ಕಚ್ಚಿದಷ್ಟೇ ಆಯಿತು. "ಇವತ್ತ ಏನೂ ಕಾಣಂಗಿಲ್ರೀ. ಮೂರ್ನಾಕು ದಿನಕ್ಕ ಶುರುವಾಗಿ ಎರಡು ವಾರಕ್ಕ ಪೂರ್ತಿ ಹಿಡೀತೈತಿ. ಮೂರ್ನಾಕು ತಿಂಗಳಿಗೆ ಮತ್ತ ಮೊದಲಿನಂಗ. ಇವತ್ತು ಹಣಿ ತಿಕ್ಕಬ್ಯಾಡ್ರೀ, ನಾಕು ತಾಸು ಮಲಗಬ್ಯಾಡ್ರೀ" ಎಂದರು ಡಾಕ್ಟರಮ್ಮ. ತೂಕಡಿಸಿ ಹಣೆ ಮುಂದಿನ ಕಂಬಿಗೆ ಬಡಿದೀತೆಂಬ ಭಯಕ್ಕೆ, ಮಕ್ತಲ್ ದಾಟಿ ಊರು ಮುಟ್ಟುವವರೆಗೂ ಬಸ್ಸಿನಲ್ಲಿ ನೆಟ್ಟಗೆ ಕೂತಿದ್ದೆ. ಎರಡು ವಾರಕ್ಕೆ ಕನ್ನಡಿಯಲ್ಲಿ ಯಾರೋ ಸಾಹುಕಾರ ಕಂಡ. "ಹಣಿಗೆ ಇಸ್ತ್ರಿ ಹೊಡಿಸ್ಕೊಂಡು ಬಂದೀರಿ ನೋಡ್ರಿ" ಎಂದು ಶರಣಮ್ಮ ಸೆರಗು ಬಾಯಿಗೆ ಹಿಡಿದಳು.

ಒಂದು ಸಂಗತಿ ಮಾತ್ರ ನಮ್ಮ ಮೂವರಿಗೂ ಹೊಳೆದಿರಲಿಲ್ಲ. ಎರಡು ಮಗ್ಗ ಒಟ್ಟಿಗೆ ಬಡಿಯುವ ಮನೆಯಲ್ಲಿ ಮಾತು ಕೇಳಿಸುವುದಿಲ್ಲ, ಕೈಕಾಲಿಗೆ ಬಿಡುವಿರುವುದಿಲ್ಲ. ನಾವು ಮಾತಾಡುವುದೇ ಹುಬ್ಬಿನಲ್ಲಿ. ಹುಬ್ಬು ಏರಿದರೆ ಎಳೆ ಹರಿದಿದೆ, ನಿಲ್ಲು. ಗಂಟಿಕ್ಕಿದರೆ ಚಹಾ. ಗಂಟಿಕ್ಕಿ ಸಡಿಲಿಸಿದರೆ ಶಭಾಷ್, ಚೆನ್ನಾಗಿ ಬಂದಿದೆ. ಶೋಭಾ ಎದುರಿನ ಮಗ್ಗದಲ್ಲಿ ಕೂತು ಇದನ್ನೇ ಓದುತ್ತ ದೊಡ್ಡವಳಾದವಳು. ಈಗ ಸೂಜಿಗೆ ಹಣೆ ಮರಗಟ್ಟಿ, ನಾನು ಹುಬ್ಬು ಏರಿಸಿದೆನೆಂದುಕೊಂಡರೆ ಅದು ಏರಿರುವುದೇ ಇಲ್ಲ. ಅವಳ ಮದುವೆ ಸೀರೆಯಲ್ಲಿ ಎಳೆ ಹರಿದದ್ದನ್ನು ನಾನು ಹೇಳುತ್ತಲೇ ಇದ್ದೆ, ಅವಳು ನೇಯುತ್ತಲೇ ಇದ್ದಳು. ಬಿಚ್ಚಿ ಮತ್ತೆ ನೇಯಬೇಕಾಯಿತು. ಚಹಾವಂತೂ ನಿಂತೇಹೋಯಿತು.

ಮದುವೆ ಚೆನ್ನಾಗಿಯೇ ಆಯಿತು, ಫೋಟೋಗಳಲ್ಲಿ ವರನಿಗಿಂತ ನಾನೇ ಹೊಳೆಯುತ್ತಿದ್ದೇನೆ. ಹೆಣ್ಣು ಒಪ್ಪಿಸುವಾಗ ಎಲ್ಲರೂ ಅತ್ತರು. ನನಗೆ ಕಣ್ಣೀರು ಸುಲಭವಾಗಿ ಬರುವುದಿಲ್ಲ. "ಮಗಳು ಹೊಂಟರೂ ಅಪ್ಪನ ಮುಖ ಎಷ್ಟು ಆರಾಮೈತಿ ನೋಡ್ರೀ" ಎಂದು ಯಾರೋ ಹೆಣ್ಣುಮಗಳು ಮೆಚ್ಚಿಕೊಂಡಳು. ಕಾರು ಹತ್ತಿದ ಶೋಭಾ ತಿರುಗಿ ನನ್ನ ಹಣೆಯನ್ನೇ ನೋಡಿದಳು. ಬ್ಯಾಂಡಿನ ಗದ್ದಲದಲ್ಲಿ ಮಾತು ಕೇಳುವಂತಿರಲಿಲ್ಲ. ಅವಳು ಶಭಾಷ್‌ಗಾಗಿ ಕಾಯುತ್ತಿದ್ದಳು. ಇದ್ದಬದ್ದ ಬಲವನ್ನೆಲ್ಲ ಹಣೆಗೆ ಹಾಕಿದೆ. ಅದು ಜಪ್ಪಯ್ಯ ಎನ್ನಲಿಲ್ಲ. ಜೀವನದಲ್ಲಿ ಅಷ್ಟು ಅಸಹಾಯಕನಾದದ್ದು ನೆನಪಿಲ್ಲ. ಕೊನೆಗೆ ಕೈ ಎತ್ತಿ, ಹರಿದ ಎಳೆ ಜೋಡಿಸುವಾಗ ಮಾಡುವಂತೆ ಹೆಬ್ಬೆರಳು ತೋರುಬೆರಳು ಸೇರಿಸಿ ಹೊಸೆದೆ. ಅವಳು ನಕ್ಕಳು, ಅತ್ತಳು, ಕಿಟಕಿಯಿಂದ ಕೈ ಹೊರಗೆ ಚಾಚಿ ತಾನೂ ಹಾಗೆಯೇ ಹೊಸೆದಳು.

ತಿಂಗಳುಗಳು ಕಳೆದು ಗೆರೆಗಳು ಒಂದೊಂದಾಗಿ ಮನೆಗೆ ಮರಳಿದವು. ದಿನಾ ಕನ್ನಡಿ ಮುಂದೆ ನಿಂತು ಅವುಗಳ ದಾರಿ ಕಾದವನು ನಾನೇ. ಮೊನ್ನೆ ಶೋಭಾಳನ್ನು ಕರೆದುಕೊಂಡು ಬೀಗರು ಬಂದಿದ್ದರು. ಅವಳು ಬಹಳ ದಿನದ ಮೇಲೆ ತನ್ನ ಮಗ್ಗಕ್ಕೆ ಕೂತು ಲಾಳಿ ಓಡಿಸಿದಳು. ಕೈ ಸ್ವಲ್ಪವೂ ತಪ್ಪಿರಲಿಲ್ಲ. ನೋಡುತ್ತ ನಿಂತೆ. ಬೀಗರು ಗಾಬರಿಯಾಗಿ, "ಯಾಕ್ರೀ ಬೀಗರ, ನಾವು ಬಂದದ್ದು ಬ್ಯಾಸರಾತೇನ್ರೀ?" ಎಂದರು.

ಶೋಭಾ ನನ್ನ ಹಣೆ ನೋಡಿ ಎದ್ದಳು. "ಇಲ್ರೀ ಮಾವಾರ, ಅಪ್ಪಗ ಚಹಾ ಬೇಕಂತ."

ನಾನು ಹೇಳಿದ್ದು ಶಭಾಷ್ ಎಂದು. ಹುಬ್ಬಿನ ಗಂಟು ಮರಳಿ ಬಂದಿತ್ತು, ಅದನ್ನು ಸಡಿಲಿಸುವುದು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ. ಸುಮ್ಮನೆ ಚಹಾ ಕುಡಿದೆ. ಆಮೇಲೆ ಮತ್ತೊಮ್ಮೆ ಶಭಾಷ್ ಎಂದೆ, ಇನ್ನೊಂದು ಲೋಟ ಬಂತು. ಅದನ್ನೂ ಕುಡಿದೆ.