ಭಂಕೂರ ಎಷ್ಟು ದೂರ?

ದೂರದ ವಿಷಯದಲ್ಲಿ ನನ್ನ ತಲೆ ಕೆಡಿಸಿದವಳು ಸೇಡಂನ ನನ್ನ ಅಜ್ಜಿ. ಅವಳು ‘ಇಲ್ಲೇ’ ಅಂದರೆ ಚಪ್ಪಲಿಯೂ ಬೇಡ, ‘ಅಲ್ಲೇ’ ಅಂದರೆ ಚಪ್ಪಲಿ ಸಾಕು. ಗದ್ದ ಮೇಲೆತ್ತಿ ‘ಅಲ್ಲೀ...’ ಎಂದು ಎಳೆದಳೆಂದರೆ ಬುತ್ತಿ ಕಟ್ಟಿಕೊಂಡೇ ಹೊರಡಬೇಕು. ಚಿಂಚೋಳಿಯ ಆಚೆಯ ಕುಂಚಾವರಂಗೆ ಅವಳು ಎಳೆದ ‘ಅಲ್ಲೀ’ ಮುಗಿಯುವಷ್ಟರಲ್ಲಿ ನಾವು ಎಲೆ ಅಡಿಕೆ ಹಾಕಿಕೊಂಡು ಉಗುಳಿಯೂ ಬರಬಹುದಿತ್ತು. ಇಷ್ಟು ವಿದ್ಯೆ ಸಾಕೆಂದು ನಾನು ಶಹಾಬಾದಿನಲ್ಲಿ ಸಂಸಾರ ಹೂಡಿದೆ.

ಎದುರುಮನೆಯ ಮಹಬೂಬಿ ಮತ್ತು ನನ್ನ ಹೆಂಡತಿ ಶಾಂತಾ, ಇಬ್ಬರೂ ಮದುವೆಯಾಗಿ ಈ ಗಲ್ಲಿಗೆ ಬಂದಾಗಿನಿಂದ ಗೆಳತಿಯರು. ಈಗ ಮಹಬೂಬಿಯ ಗಂಡ ಭಂಕೂರದಲ್ಲಿ ಸ್ವಂತ ಮನೆ ಕಟ್ಟಿಸಿದ್ದಾರೆ. ಆಟೋದಲ್ಲಿ ಕೂತು ಒಂದು ಮಾತು ಶುರುಮಾಡಿದರೆ ಅದು ಮುಗಿಯುವ ಮೊದಲೇ ಬರುವ ಊರು. ಆದರೂ ಸುದ್ದಿ ತಿಳಿದಾಗಿನಿಂದ ಇಬ್ಬರೂ ಮುಖ ತಪ್ಪಿಸಿ ಓಡಾಡತೊಡಗಿದರು. ಇಷ್ಟು ವರ್ಷದ ಗೆಳೆತನ ಮಾತಿಲ್ಲದೆ ಮುರಿದುಹೋದೀತೆಂದು ನನಗೆ ದಿಗಿಲು. ಸಮಾಧಾನ ಮಾಡಲು ಎದುರುಮನೆಗೆ ಹೋದೆ.

‘ಭಂಕೂರ ಏನ್ ದೂರ ತಂಗಿ? ಇಲ್ಲೇ ಅದಲ್ಲ,’ ಅಂದೆ.

ಪಾತ್ರೆ ಕಟ್ಟುತ್ತಿದ್ದ ಮಹಬೂಬಿ ಕೈ ನಿಲ್ಲಿಸಿದಳು. ‘ಇಲ್ಲೇ ಅಂತೀರಲ್ಲ ಅಣ್ಣಾರ. ನಾ ಹೋಗೋದು ನಿಮಗ ಏನೂ ಅನಸಂಗಿಲ್ಲೇನು? ಶಾಂತಾನೂ ಹಿಂಗೇ ಅಂದಳೇನು?’

ತಪ್ಪು ತಿದ್ದಿಕೊಂಡು ಮನೆಗೆ ಬಂದವನು ಹೆಂಡತಿಗೆ, ‘ಭಂಕೂರ ಭಾಳ ದೂರ ಬಿಡು,’ ಅಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ನೀವೇ ದೂರ ಅಂದ್ರ ನನಗ ಯಾರ್ ಕರ್ಕೊಂಡ್ ಹೋಗ್ತಾರ?’

‘ಮತ್ತ ಹೈದರಾಬಾದಿನಾಗಿನ ನಿನ್ನ ತಂಗಿ ಮನಿ?’

‘ಅದೇನು, ಅಲ್ಲೇ ಅದ. ಉಪ್ಪು ತೀರಿದ್ರ ಮಹಬೂಬಿ ಮನಿಗೇ ಓಡ್ತಿದ್ದೆ, ತಂಗಿ ಮನಿಗೆ ಯಾವಾಗ ಹೋಗಿದ್ದೆ ನಾ?’

ಅಜ್ಜಿಯ ಲೆಕ್ಕದಲ್ಲಿ ಉಪ್ಪಿನ ಪ್ರಸ್ತಾಪವೇ ಇರಲಿಲ್ಲ. ಹತ್ತಿರ ಅಂದರೆ ಒಬ್ಬಳಿಗೆ ಸಿಟ್ಟು, ದೂರ ಅಂದರೆ ಇನ್ನೊಬ್ಬಳಿಗೆ ಅಳು.

ಸಾಮಾನು ತುಂಬಿದ ಟೆಂಪೊ ಹೊರಡುವಾಗ ಶಾಂತಾ ಬಾಗಿಲಲ್ಲಿ ನಿಂತಿದ್ದಳು. ಮಹಬೂಬಿ ತನ್ನ ಪಕ್ಕದ ಸೀಟು ತಟ್ಟಿದಳು. ‘ಏನ್ ನೋಡ್ಲಿಕತ್ತಿ? ಒಲಿ ಯಾವ ಕಡಿ ಇಡಬೇಕಂತ ನನಗ್ಯಾರ್ ಹೇಳ್ತಾರ?’ ನನ್ನ ಹೆಂಡತಿ ಉಟ್ಟ ಸೀರೆಯಲ್ಲೇ ಹತ್ತಿ ಕೂತಳು.

ಸಂಜೆ ಫೋನು ಬಂತು. ‘ಇಷ್ಟು ದೂರ ಬಂದೀನಿ, ಇವತ್ತೇ ಹೆಂಗ ವಾಪಸ್ ಬರ್ಲಿ? ನಾಳಿ ಬರ್ತೀನಿ. ರೊಟ್ಟಿ ಡಬ್ಬ್ಯಾಗ ಅವ, ಉಣ್ರಿ.’

ಅಡುಗೆಮನೆ ಹೊಕ್ಕು ಹುಡುಕಿದೆ, ಸಿಗಲಿಲ್ಲ. ನಾನೇ ಫೋನು ಮಾಡಿದೆ. ‘ನಿಮ್ಮ ಬಲಗೈ ಕಡಿ, ಹಿಟ್ಟಿನ ಡಬ್ಬಿ ಹಿಂದ, ಬಿಳಿ ಅರಿವಿ ಮುಚ್ಚೀನಿ ನೋಡ್ರಿ,’ ಅಂದಳು. ಹಿಂದೆ ಮಹಬೂಬಿ ನಗುವುದು ಕೇಳಿಸಿತು. ಭಂಕೂರದಲ್ಲಿ ಕೂತವಳಿಗೆ ಕಾಣುತ್ತಿದ್ದ ಡಬ್ಬಿ, ಅದರ ಮುಂದೆಯೇ ನಿಂತ ನನಗೆ ಕಾಣಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.