ಮಗನ ಕಾರೂ ನನ್ನ ಕಣ್ಣೂ

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಬೇಕು ಮಕ್ಕಳೇ. ಓರಗಿತ್ತಿಯ ಅವಲಕ್ಕಿ ಸರ ನೋಡಿ ಹೊಟ್ಟೆ ಉರಿದರೆ ಊರಿನಲ್ಲಿ ನಾಲ್ಕು ಜನ ಒಪ್ಪುತ್ತಾರೆ. ಸೊಸೆಯನ್ನು ಕಂಡು ಉರಿದರಂತೂ ಅತ್ತೆ ಎಂದರೆ ಹಾಗೇ ಬಿಡಿ ಎನ್ನುತ್ತಾರೆ. ಆದರೆ ನಿಮ್ಮಮ್ಮ ಈ ಮನೆಗೆ ಬಂದಾಗ ನನಗೆ ಏನೂ ಆಗಲಿಲ್ಲ. ಅಷ್ಟೆಲ್ಲ ವರ್ಷ ಕೂಡಿಟ್ಟ ಉರಿಯನ್ನು ನಾನು ಖರ್ಚು ಮಾಡಿದ್ದು ಒಂದು ಕಾರಿನ ಮೇಲೆ. ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ.

ನಾವು ಬಂದು ನೆಲೆಸಿದ ಈ ಪರದೇಶದ ಊರಿನ ಹೊರವಲಯದಲ್ಲಿ, ಕಸರಾನಿಯ ಕಡೆ, ಯಾರದೋ ಕೊಟ್ಟಿಗೆಯಲ್ಲಿ ಕೋಳಿಗಳು ಮಲಗುತ್ತಿದ್ದ ಆ ಅಮೆರಿಕದ ಹಳೇ ಕಾರನ್ನು ನಿಮ್ಮಪ್ಪ ಲಾರಿಯ ಮೇಲೆ ಹೇರಿಸಿಕೊಂಡು ಲ್ಯಾವಿಂಗ್ಟನ್ ಬಡಾವಣೆಯ ನಮ್ಮ ಅಂಗಳಕ್ಕೆ ತಂದ. ಇದಕ್ಕೆ ಮಸಲ್ ಕಾರ್ ಅಂತಾರಮ್ಮ, ಭಾರಿ ಶಕ್ತಿ ಇದಕ್ಕೆ ಎಂದ. ಆ ಶಕ್ತಿವಂತನನ್ನು ಇಳಿಸಲು ಆರು ಜನ ಬೇಕಾಯಿತು. ಅಲ್ಲಿಯವರೆಗೆ ಭಾನುವಾರ ಬೆಳಗ್ಗೆ ಅವನು ಕಾಫಿ ಹಿಡಿದು ನನ್ನೆದುರು ಕೂತು, ಮಂಡಿ ನೋವು ಹೇಗಿದೆ, ಊರಿನಿಂದ ಯಾರು ಫೋನ್ ಮಾಡಿದ್ದರು ಎಂದೆಲ್ಲ ಕೇಳುತ್ತಿದ್ದ. ವಾರವೆಲ್ಲ ಔಷಧಿ ಕಾರ್ಖಾನೆಗೆ ಹೋಗುವ ಮಗ ನನಗೆ ಸಿಗುತ್ತಿದ್ದುದು ಆ ಒಂದು ಗಂಟೆ. ಕಾರು ಬಂದ ಮೇಲೆ ಅದೂ ಅದರ ಪಾಲಾಯಿತು. ನನ್ನ ಕೀಲಿಗೆ ಎಣ್ಣೆ ನಾನೇ ಹಚ್ಚಿಕೊಳ್ಳುತ್ತಿದ್ದೆ. ಅದರ ಕೀಲುಗಳಿಗೆಲ್ಲ ಅವನೇ ನೆಲದಲ್ಲಿ ಅಂಗಾತ ಮಲಗಿ ಗ್ರೀಸ್ ಹಚ್ಚುತ್ತಿದ್ದ. ಹಳೆಯ ಬ್ರೇಕ್ ತೆಗೆದು ಹೊಸ ಬ್ರೇಕ್, ಹೊಸ ರೇಡಿಯೇಟರ್, ಹೊಸ ವೈರಿಂಗ್. ಮುದುಕಿಗೆ ಇಷ್ಟೊಂದು ಉಪಚಾರವೇ ಎಂದುಕೊಂಡು, ಯಾವ ಮುದುಕಿಯ ಬಗ್ಗೆ ಯೋಚಿಸುತ್ತಿದ್ದೇನೆಂದು ನನಗೇ ನಗು ಬರುತ್ತಿತ್ತು. ಕಿಟಕಿಯಿಂದ ದಿನಾ ಅದನ್ನು ದುರುಗುಟ್ಟಿ ನೋಡುತ್ತಿದ್ದೆ.

ಕೆಂಪು ಬಣ್ಣ ಬಳಿದು ಎಲ್ಲ ಮುಗಿದ ಮೇಲೂ ಅದು ಗುರ್ರೆಂದು ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಮೂರು ಭಾನುವಾರ ಹೀಗೇ ಆಯಿತು. ನಾಲ್ಕನೆಯದಕ್ಕೆ ಮಗ ಮುಖ ಬಾಡಿಸಿಕೊಂಡು ಅಡುಗೆಮನೆಗೆ ಬಂದ. "ಅಮ್ಮ, ಯಾರದೋ ಕಣ್ಣು ಬಿದ್ದಿದೆ ಕಣಮ್ಮ. ಸ್ವಲ್ಪ ದೃಷ್ಟಿ ತೆಗೀತೀಯಾ?"

ಯಾರ ಕಣ್ಣೆಂದು ನನಗಲ್ಲವೇ ಗೊತ್ತು! ಉಪ್ಪು ಮೆಣಸಿನಕಾಯಿ ಹಿಡಿದು ಅದರ ಮೂತಿಯ ಮುಂದೆ ನಿಂತೆ. ಬಂದವರ ಕಣ್ಣು, ಹೋದವರ ಕಣ್ಣು, ನೆರೆಯವರ ಕಣ್ಣು, ಹೊರೆಯವರ ಕಣ್ಣು ಎನ್ನುತ್ತಾ ನಿವಾಳಿಸಿದೆ. ಮುಂದೆ 'ಮನೆಯವರ ಕಣ್ಣು' ಎನ್ನಬೇಕು, ಅಲ್ಲಿಗೆ ನಿಲ್ಲಿಸಿ ಕೈಯಲ್ಲಿದ್ದ ಮೆಣಸಿನಕಾಯಿ ಎಣಿಸತೊಡಗಿದೆ. ನಿಮ್ಮಲ್ಲಿ ಚಿಕ್ಕವಳು "ಅಜ್ಜೀ, ವೈ ಡಿಡ್ ಯೂ ಸ್ಟಾಪ್?" ಎಂದು ಕೇಳಿಯೇಬಿಟ್ಟಳು. ಕೆಮ್ಮಿದಂತೆ ಮಾಡಿ ಆ ಕಣ್ಣನ್ನೂ ಸೇರಿಸಿದೆ. ಸಂಜೆಗೆ ಕಾರು ಹೊರಟಿತು. ಸಡಿಲವಾಗಿದ್ದ ಒಂದು ತಂತಿ ಸಿಕ್ಕಿತೆಂದು ಮಗ ಹೇಳುತ್ತಾನೆ. ಹೇಳಿಕೊಳ್ಳಲಿ.

ಮೊದಲ ಸವಾರಿಗೆ ನಿಮ್ಮಮ್ಮ, "ನಂಗೆ ಆ ಪೆಟ್ರೋಲ್ ವಾಸನೆ ಆಗಲ್ಲ ಅತ್ತೆ, ನೀವೇ ಮುಂದೆ ಕೂತ್ಕೊಳಿ" ಎಂದು ಜಾರಿಕೊಂಡಳು. ಅಮೆರಿಕದ ಕಾರಿಗೆ ಸ್ಟಿಯರಿಂಗ್ ಎಡಕ್ಕಿರುತ್ತದೆ. ಇಲ್ಲಿನ ಕಾರುಗಳಿಗೆಲ್ಲ ನಮ್ಮೂರಿನ ಹಾಗೆ ಬಲಕ್ಕೆ. ಹೀಗಾಗಿ ಡ್ರೈವರ್ ಕೂರಬೇಕಾದ ಕಡೆ ಸೀರೆ ಸೆರಗು ಹೊದ್ದು ನಾನು ಕೂತೆ. ವೆಸ್ಟ್‌ಲ್ಯಾಂಡ್ಸ್ ದಾರಿಯಲ್ಲಿ ಮುಂದೊಂದು ಮಟಾಟು, ಅದೇ ಇಲ್ಲಿನ ಬಾಡಿಗೆ ವ್ಯಾನು, ಹೊಗೆ ಬಿಡುತ್ತಾ ತೆವಳುತ್ತಿತ್ತು. ಅದನ್ನು ಹಿಂದೆ ಹಾಕೋಣವೆಂದರೆ ಎಡಗಡೆ ಕೂತವನಿಗೆ ಅದರಾಚೆ ಏನೂ ಕಾಣದು.

"ಅಮ್ಮ, ಎದುರಿಗೆ ಏನಾದ್ರೂ ಬರ್ತಿದ್ಯಾ? ನಿಂಗೆ ಕಂಡ್ರೇನೇ ನಾನು ಹೋಗೋದು."

"ತಡಿ ಕಣೋ, ಲಾರಿ ಬರ್ತಿದೆ," ಎಂದೆ. ಅದು ದಾಟಿದ ಮೇಲೆ, "ಹ್ಞೂ, ಈಗ ನುಗ್ಗು."

ಜೀವಮಾನದಲ್ಲಿ ಯಾರಿಗೂ ನುಗ್ಗು ಎಂದವಳಲ್ಲ ನಾನು. ಅವನು ನುಗ್ಗಿದ. ಮುಂದೆ ಸಿಗ್ನಲ್ಲಿನಲ್ಲಿ ಇನ್ನೊಂದು ಮಟಾಟು ನನ್ನ ಪಕ್ಕಕ್ಕೇ ಬಂದು ನಿಂತಿತು. ಬಾಗಿಲಿಗೆ ಜೋತುಬಿದ್ದಿದ್ದ ಕಂಡಕ್ಟರ್, ಕಾರು ಓಡಿಸುತ್ತಿರುವವಳು ನಾನೇ ಎಂದುಕೊಂಡು, "ಶೋಶೋ, ಸವಾ?" ಎಂದು ಸಲಾಮು ಹೊಡೆದ. ಶೋಶೋ ಎಂದರೆ ಇಲ್ಲಿ ಅಜ್ಜಿ, ಸವಾ ಎಂದರೆ ಎಲ್ಲ ಸರಿಯಾ ಅಂತ. ಅಲ್ಲಪ್ಪಾ ಎನ್ನುವಷ್ಟು ಸ್ವಾಹಿಲಿ ನನಗೆ ಬಾರದು. ಧನ್ಯವಾದಕ್ಕೆ ಇಲ್ಲಿ ಹೇಳುವ, ನನಗೆ ಗೊತ್ತಿದ್ದ ಒಂದೇ ಮಾತು "ಅಸಾಂಟೆ" ಎಂದು ಗಂಭೀರವಾಗಿ ತಲೆಯಾಡಿಸಿದೆ.

ಈಗ ಪ್ರತಿ ಭಾನುವಾರವೂ ನಾನಿಲ್ಲದೆ ಕಾರು ಗೇಟು ದಾಟದು. ದಾರಿಯುದ್ದಕ್ಕೂ ಮಂಡಿಯ ವಿಚಾರವೂ ಊರಿನ ವಿಚಾರವೂ ನಡೆಯುತ್ತವೆ. ಆದರೆ ಮೊನ್ನೆ ಅವನು, ಸ್ಟಿಯರಿಂಗನ್ನು ಬಲಕ್ಕೆ ಹಾಕಿಸ್ತೀನಮ್ಮ, ಆಮೇಲೆ ನೀನು ರಸ್ತೆ ನೋಡೋ ತಾಪತ್ರಯ ಇರಲ್ಲ ಎಂದ. ಚೆನ್ನಾಗಿರೋದನ್ನ ಯಾಕೆ ಬಿಚ್ತೀಯೋ ಎಂದು ನಾನು ಆ ಕಾರಿನ ಪರವಾಗಿ ಗಂಟೆಗಟ್ಟಲೆ ವಾದಿಸಿದೆ. ಕೇಳಲಿಲ್ಲ. ಅದಕ್ಕೆ ಬೇಕಾದ ಸಾಮಾನು ಆಗಲೇ ಹಡಗು ಹತ್ತಿ ಮೊಂಬಾಸಾ ಬಂದರಿನ ಕಡೆ ಹೊರಟಿದೆಯಂತೆ. ಹಡಗಿನವರಿಗೆ ಕೇಡು ಬಯಸುವವಳಲ್ಲ ನಾನು. ಎಲ್ಲರೂ ಸುಖವಾಗಿ ದಡ ಸೇರಲಿ. ಗಾಳಿ ಮಾತ್ರ ಎದುರಿನಿಂದ ಬೀಸುತ್ತಿರಲಿ ಎಂದು ದಿನಾ ದೀಪ ಹಚ್ಚುವಾಗ ಕೇಳಿಕೊಳ್ಳುತ್ತಿದ್ದೇನೆ.